ಅಜ್ಜನ ಕುರ್ಚಿಯ ಬೆಲೆ ಎಷ್ಟು?

ಮಲೆನಾಡಿನಲ್ಲಾಗಲಿ ಕರಾವಳಿಯಲ್ಲಾಗಲಿ ಹಳೆಯ ತೊಟ್ಟಿ ಮನೆಯೊಂದನ್ನು ಕೆಡವುತ್ತಾರೆಂಬ ಸುದ್ದಿ ನೆಂಟರಿಷ್ಟರಿಗಿಂತ ಮೊದಲು ಮುಟ್ಟುವುದು ಹಳೆ ಮರದ ವ್ಯಾಪಾರಿಗೆ. ಆತ ಟೆಂಪೊ ತಂದು ಅಂಗಳದಲ್ಲಿ ನಿಲ್ಲಿಸುತ್ತಾನೆ, ಜಗಲಿಯ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾನೆ, ಅಟ್ಟ ಹತ್ತಿ ಇಳಿಯುತ್ತಾನೆ, ಕೊನೆಗೆ ಎಲ್ಲ ಸೇರಿ ಇಷ್ಟು ಎಂದು ಒಂದೇ ಮಾತಿನಲ್ಲಿ ಬೆಲೆ ಹೇಳುತ್ತಾನೆ. ಆ ಮೊತ್ತ ಹೆಚ್ಚೋ ಕಡಿಮೆಯೋ ಮನೆಯವರಿಗೆ ತಿಳಿಯುವುದಿಲ್ಲ. ಕೆಲವರು ಬಂದಷ್ಟು ಬರಲಿ ಎಂದು ಒಪ್ಪಿಬಿಡುತ್ತಾರೆ. ಇನ್ನು ಕೆಲವರು ಬೆಂಗಳೂರಿನ ಯಾವುದೋ ಅಂಗಡಿಯಲ್ಲಿ ಇಂಥದೇ ಕುರ್ಚಿಗೆ ಅರ್ಧ ಲಕ್ಷ ಹೇಳಿದ್ದನ್ನು ನೆನಪಿಸಿಕೊಂಡು ಅವನನ್ನು ಬರಿಗೈಯಲ್ಲಿ ಕಳಿಸುತ್ತಾರೆ. ಕುರ್ಚಿ ಕೊಟ್ಟಿಗೆಯ ಮೂಲೆ ಸೇರಿ ಗೆದ್ದಲಿಗೆ ಆಹಾರವಾಗುತ್ತದೆ. ಎರಡೂ ನಷ್ಟದ ದಾರಿಗಳೇ.

ಒಂದು ವಸ್ತುವಿಗೆ ಒಂದೇ ಬೆಲೆ ಇರುತ್ತದೆ ಎಂಬ ನಂಬಿಕೆಯೇ ಈ ಗೊಂದಲದ ಮೂಲ. ಹಳೆಯ ಮೇಜೊಂದನ್ನು ಮರ ಕೊಯ್ಯುವ ಮಿಲ್ಲಿನವನು ನೋಡುವಾಗ ಅವನ ಕಣ್ಣಿಗೆ ಕಾಣುವುದು ಇಷ್ಟು ಘನ ಅಡಿ ಒಣಗಿದ ತೇಗ. ಹೊಸದಾಗಿ ಸಂಸಾರ ಹೂಡಿದವರಿಗೆ ಅದು ಊಟಕ್ಕೆ ಕೂರಬಹುದಾದ ಗಟ್ಟಿ ಮೇಜು. ಅಂಗಡಿಯ ಹೊಸ ಮೇಜಿಗಿಂತ ಅಗ್ಗವಾದರೆ ಮಾತ್ರ ಬೇಕು. ಹಳೆಯ ವಸ್ತು ಸಂಗ್ರಹಿಸುವವರು ಅದರ ಕಾಲ, ಕೆಲಸಗಾರಿಕೆ, ಹುಟ್ಟಿದ ಊರು ಇವುಗಳಿಗೆ ಹಣ ಕೊಡುತ್ತಾರೆ. ಮನೆಯವರ ಮಟ್ಟಿಗೆ ಅದು ಅಜ್ಜ ಕೂತು ಲೆಕ್ಕ ಬರೆಯುತ್ತಿದ್ದ ಮೇಜು. ಈ ಕೊನೆಯದಕ್ಕೆ ಮಾರುಕಟ್ಟೆಯಲ್ಲಿ ಗಿರಾಕಿಯಿಲ್ಲ. ಆದ್ದರಿಂದ ಮಾರುವವರು ಮೊದಲು ಕೇಳಿಕೊಳ್ಳಬೇಕಾದದ್ದು ಇದರ ಬೆಲೆ ಎಷ್ಟು ಎಂದಲ್ಲ, ಇದನ್ನು ಯಾರು ಯಾವುದಕ್ಕಾಗಿ ಕೊಳ್ಳುತ್ತಾರೆ ಎಂದು.

ಎಲ್ಲಕ್ಕಿಂತ ತಳದಲ್ಲಿರುವುದು ಮರದ ಬೆಲೆ. ಇದಕ್ಕಿಂತ ಕೆಳಗೆ ಇಳಿದರೆ ಮಾರುವವರು ಮೋಸ ಹೋದಂತೆಯೇ ಸರಿ. ಲೆಕ್ಕ ಕಷ್ಟದ್ದಲ್ಲ. ಐದು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಅಂಗುಲ ದಪ್ಪದ ಹಲಗೆಯಿರುವ ಮೇಜನ್ನು ತೆಗೆದುಕೊಳ್ಳೋಣ. ಹಲಗೆಯೊಂದೇ 3,240 ಘನ ಅಂಗುಲ. ಮೂರಂಗುಲ ಚೌಕದ, ಮೂವತ್ತು ಅಂಗುಲ ಎತ್ತರದ ನಾಲ್ಕು ಕಾಲುಗಳು 1,080. ಹಲಗೆಯ ಕೆಳಗಿನ ನಾಲ್ಕು ಪಟ್ಟಿಗಳು ಸುಮಾರು 670. ಒಟ್ಟು 4,990. ಒಂದು ಘನ ಅಡಿ ಎಂದರೆ 1,728 ಘನ ಅಂಗುಲವಾದ್ದರಿಂದ ಇಡೀ ಮೇಜಿನಲ್ಲಿರುವುದು ಮೂರು ಘನ ಅಡಿಗೂ ತುಸು ಕಡಿಮೆ ಮರ. ಹತ್ತಿರದ ಮೋಪಿನ ಅಂಗಡಿಯಲ್ಲಿ ಆ ಜಾತಿಯ ಮರಕ್ಕೆ ಘನ ಅಡಿಗೆ ಎಷ್ಟಿದೆಯೆಂದು ವಿಚಾರಿಸಿ, ಮೊಳೆಯ ತೂತು, ಸವೆದ ಅಂಚು, ಕೊಯ್ತದ ಹೊಟ್ಟು ಎಂದು ಮೂರನೇ ಒಂದು ಭಾಗ ಕಳೆದರೆ ತಳಬೆಲೆ ಸಿಕ್ಕಿತು.

ಆದರೆ ಈ ಲೆಕ್ಕದಲ್ಲಿ ಒಂದು ವೈಚಿತ್ರ್ಯವಿದೆ. ಚರಕಿ ಹಿಡಿದು ಸೊಗಸಾಗಿ ಕಡೆದ ಕಾಲು, ಹೂಬಳ್ಳಿ ಕೆತ್ತಿದ ಬೆನ್ನುಹಲಗೆ ಇವೆಲ್ಲ ಮರ ಕೊಯ್ಯುವವನಿಗೆ ಬರೀ ವ್ಯರ್ಥ. ಅವನಿಗೆ ಬೇಕಾದದ್ದು ಚಪ್ಪಟೆ ಹಲಗೆ. ಸಂಗ್ರಹಕಾರ ಹೆಚ್ಚು ಹಣ ತೆರುವುದು ಅದೇ ಕಡೆತಕ್ಕೆ, ಅದೇ ಕೆತ್ತನೆಗೆ. ಕೆತ್ತನೆ ಹೆಚ್ಚಿದ್ದಷ್ಟೂ ಗುಜರಿಯವನ ಕೈಗೆ ಕೊಟ್ಟರೆ ನಷ್ಟ ಹೆಚ್ಚು. ದಪ್ಪ ಹಲಗೆಯ, ಅಲಂಕಾರವಿಲ್ಲದ ಪತ್ತಾಯದಂಥ ಧಾನ್ಯದ ಪೆಟ್ಟಿಗೆಗೆ ಮಾತ್ರ ಈ ಎರಡು ಬೆಲೆಗಳ ನಡುವಿನ ಅಂತರ ಕಡಿಮೆ.

ಮರದ ಜಾತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬೀಟೆ, ತೇಗ, ಹಲಸು, ಹೊನ್ನೆ ಇವೇ ಹೆಚ್ಚು. ಕಪ್ಪಗಿರುವುದೆಲ್ಲ ಬೀಟೆಯಲ್ಲ, ಬಣ್ಣ ಬಳಿದ ಹಲಸನ್ನೂ ಬೀಟೆಯೆಂದು ನಂಬಿದ ಮನೆಗಳು ಬೇಕಾದಷ್ಟಿವೆ. ಎತ್ತಿ ನೋಡಿದರೆ ಗೊತ್ತಾಗುತ್ತದೆ. ಒಣಗಿದ ಬೀಟೆ ಘನ ಅಡಿಗೆ ಸುಮಾರು 24 ಕಿಲೋ ತೂಗುತ್ತದೆ, ತೇಗ 18ರ ಆಸುಪಾಸು. ಮೇಲೆ ಹೇಳಿದ ಮೇಜು ಬೀಟೆಯದಾದರೆ ಎಪ್ಪತ್ತು ಕಿಲೋ ಹತ್ತಿರ. ಇಬ್ಬರು ಆಳು ಏದುಸಿರು ಬಿಡಬೇಕು. ಬೀಟೆ ಸ್ವಂತ ಜಮೀನಿನಲ್ಲೇ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಹೊಸ ಮರ ಸುಲಭವಾಗಿ ಸಿಗದ ಕಾರಣದಿಂದಲೇ ಹಳೆಯ ಬೀಟೆಗೆ ಇಷ್ಟೊಂದು ಬೇಡಿಕೆ.

ಇನ್ನು ಹಳೆತನ. ಹಳೆಯ ಪೀಠೋಪಕರಣ ಮಾರುವ ಮನೆಗಳಲ್ಲಿ ತಪ್ಪದೆ ಕೇಳಿಬರುವ ಮಾತು 'ಇದಕ್ಕೆ ಇನ್ನೂರು ವರ್ಷವಾಗಿದೆ' ಎಂಬುದು. ಈ ಮಾತನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ನಮ್ಮ ಸಾಮಾನ್ಯ ಮನೆಗಳಲ್ಲಿ ಹಿಂದೆ ಇದ್ದದ್ದು ಮಣೆ, ಚಾಪೆ, ಮಂಚ, ಉಯ್ಯಾಲೆ, ತೊಟ್ಟಿಲು, ಪೆಟ್ಟಿಗೆ. ಕಾಲು ಇಳಿಬಿಟ್ಟು ಕೂರುವ ಪದ್ಧತಿ ಹರಡಿದ್ದು ಬಹಳ ತಡವಾಗಿ. ಹೆಸರುಗಳೇ ಅದಕ್ಕೆ ಸಾಕ್ಷಿ. ಮಣೆ ನಮ್ಮದು, ಮಂಚ ಸಂಸ್ಕೃತದ್ದು. ಕುರ್ಚಿ ಅರಬ್ಬಿಯ 'ಕುರ್ಸಿ'ಯಿಂದ, ಮೇಜು ಪಾರಸಿಯ 'ಮೇಜ್'ನಿಂದ, ಅಲಮಾರು ಪೋರ್ಚುಗೀಸರ 'ಅರ್ಮಾರಿಯೊ'ದಿಂದ ಬಂದವು. ಬೆಂಚು, ಸ್ಟೂಲು, ಡೆಸ್ಕು ಇಂಗ್ಲಿಷರ ಕಚೇರಿಯಿಂದ. ಹಳ್ಳಿಯ ಶಾನುಭೋಗರ ಮನೆಯ ಕೈಯಿರುವ ಕುರ್ಚಿ ಹತ್ತೊಂಬತ್ತನೆಯ ಶತಮಾನದ ಕೊನೆಯದೋ ಇಪ್ಪತ್ತನೆಯದರ ಮೊದಲ ಭಾಗದ್ದೋ ಆಗಿರುವ ಸಂಭವವೇ ಹೆಚ್ಚು. ಅದೇ ಮನೆಯ ಒರಟು ಪೆಟ್ಟಿಗೆ, ಯಾರೂ ಲಕ್ಷ್ಯ ಕೊಡದ ಮಂಚ ಅದಕ್ಕಿಂತ ಹಳೆಯವಾಗಿರಬಹುದು.

ಕಾಲವನ್ನು ಅಂದಾಜು ಮಾಡಲು ವಸ್ತುವನ್ನು ತಲೆಕೆಳಗು ಮಾಡಿ ನೋಡಬೇಕು. ಮುಂಭಾಗವನ್ನು ಪಾಲಿಷ್ ಮುಚ್ಚಿರುತ್ತದೆ. ಹಿಂಬದಿ, ಅಡಿಭಾಗ, ಡ್ರಾಯರಿನ ಒಳಮೈ ಸುಳ್ಳು ಹೇಳುವುದಿಲ್ಲ. ಮೇಲೊಬ್ಬ ಕೆಳಗೊಬ್ಬ ನಿಂತು ಗರಗಸ ಎಳೆದು ಕೊಯ್ದ ಹಲಗೆಯಲ್ಲಿ ನೇರವಾದ, ಒಂದಕ್ಕೊಂದು ಸಮವಿಲ್ಲದ ಗೀರುಗಳಿರುತ್ತವೆ. ಚಕ್ರಗರಗಸದ ಮಿಲ್ಲಿನಿಂದ ಬಂದದ್ದಾದರೆ ಬಿಲ್ಲಿನಂತೆ ಬಾಗಿದ ಗೀರು. ತಿರುಪು ಮೊಳೆಗೆ ಚೂಪು ತುದಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಯಂತ್ರದ ಕೃಪೆಯಿಂದ. ಅದಕ್ಕೂ ಹಿಂದಿನವು ಮೊಂಡು. ತಲೆಯ ಮೇಲೆ ಪ್ಲಸ್ ಗುರುತಿರುವ ತಿರುಪು 1930ರ ದಶಕದಿಂದ ಈಚಿನದು. ಡ್ರಾಯರಿನ ತಳದಲ್ಲಿ ಪ್ಲೈವುಡ್ ಕಂಡರೆ, ಅದು ಆಮೇಲಿನ ದುರಸ್ತಿಯಲ್ಲದಿದ್ದರೆ, ಇನ್ನೂರು ವರ್ಷದ ಕತೆ ಅಲ್ಲಿಗೆ ಮುಗಿಯಿತು. ದುಂಡು ಮೇಜಿಗೆ ಒಂದು ಚಂದದ ಪರೀಕ್ಷೆಯಿದೆ: ಮರ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬೇಕು, ಅಡ್ಡಕ್ಕೆ ಕುಗ್ಗುತ್ತದೆ. ಹಳೆಯ ದುಂಡು ಮೇಜನ್ನು ಎರಡೂ ದಿಕ್ಕಿನಲ್ಲಿ ಟೇಪು ಹಿಡಿದು ಅಳೆದರೆ ಅದು ಪೂರ್ತಿ ದುಂಡಾಗಿ ಉಳಿದಿರುವುದಿಲ್ಲ.

ಇಂಥ ಗುರುತುಗಳು ಒಂದೇ ಕಡೆಗೆ ಕೆಲಸ ಮಾಡುತ್ತವೆ ಎಂಬುದನ್ನು ಮರೆಯಬಾರದು. ಹೊಸ ಕಾಲದ ಮೊಳೆ ಇದು ಹಳೆಯದಲ್ಲ ಎಂದು ತೋರಿಸೀತು. ಕೈಗರಗಸದ ಗೀರು ಇದು ಹಳೆಯದೇ ಎಂದು ಸಾಧಿಸಲಾರದು. ನಮ್ಮ ಹಳ್ಳಿಗಳ ಆಚಾರಿಗಳು ಉಳಿ, ಕೀಸುಳಿ, ಬಾಚಿಗಳಲ್ಲೇ ತೀರ ಇತ್ತೀಚಿನವರೆಗೂ ಕೆಲಸ ಮಾಡಿದ್ದಾರೆ.

ಮಾರುವ ಮೊದಲು ಮನೆಯವರು ಮಾಡುವ ದೊಡ್ಡ ತಪ್ಪು 'ಸ್ವಲ್ಪ ಚೆಂದ ಮಾಡಿ ಕೊಡೋಣ' ಎಂದು ಬಡಗಿಯನ್ನು ಕರೆಸುವುದು. ಆತ ಉಜ್ಜುಕಾಗದ ಹಿಡಿದು ಮೇಲ್ಮೈಯನ್ನೆಲ್ಲ ತಿಕ್ಕಿ, ಹೊಳೆಯುವ ಮೆಲಮೈನ್ ಪಾಲಿಷ್ ಹೊಡೆಯುತ್ತಾನೆ. ನೋಡಲು ಹೊಸದರಂತಾಗುತ್ತದೆ, ತೊಂದರೆ ಇರುವುದೇ ಅಲ್ಲಿ. ಕೈ ಸವರಿ, ಎಣ್ಣೆ ಕುಡಿದು, ಹೊಗೆ ಹಿಡಿದು ತಲೆಮಾರುಗಳಲ್ಲಿ ಮೂಡಿದ ಬಣ್ಣ ಅರ್ಧ ದಿನದಲ್ಲಿ ಹೊಟ್ಟಾಗಿ ಹೋಗಿರುತ್ತದೆ. ಹಿಂದಿನ ಪಾಲಿಷ್ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಅರಿವೆಯಿಂದ ನೂರು ಸಲ ತೀಡಿ ಮಾಡಿದ್ದು. ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ಪಿರಿಟ್ಟಿನ ಹತ್ತಿ ಇಟ್ಟರೆ ಅದು ಅಂಟಂಟಾಗುತ್ತದೆ, ಈಗಿನದು ಆಗುವುದಿಲ್ಲ. ಬಲ್ಲ ಗಿರಾಕಿ ಮೊದಲು ಹುಡುಕುವುದು ಇದನ್ನೇ. ಧೂಳು ಒರೆಸಿ, ಗೆದ್ದಲು ಕುಟ್ಟೆಗಳಿಗೆ ಔಷಧ ಹಾಕಿದರೆ ಸಾಕು. ಕಿತ್ತುಹೋದ ಬೆತ್ತ ಕೂಡ ಹಾಗೆಯೇ ಇರಲಿ. ಅದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಹೆಣೆಸುವುದಕ್ಕಿಂತ ಖಾಲಿ ಬಿಡುವುದು ಮೇಲು. ಕಲಘಟಗಿಯ ಬಣ್ಣದ ತೊಟ್ಟಿಲುಗಳ ಪಾಡು ಇನ್ನೂ ಕಷ್ಟ. ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರ ಬರೆದ ಆ ತೊಟ್ಟಿಲುಗಳಿಗೆ ಬಣ್ಣ ಮಾಸಿತೆಂದು ಮೇಲೆ ಎನಾಮಲ್ ಪೇಂಟು ಬಳಿದರೆ ಉಳಿಯುವುದು ನಾಲ್ಕು ಕಟ್ಟು ಮರ ಮಾತ್ರ.

ಒರೆಸಿಹಾಕಿದ ಗುರುತು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಚಂಡೀಗಡದ ಕುರ್ಚಿಗಳಿಗಿಂತ ದೊಡ್ಡ ಉದಾಹರಣೆ ನಮ್ಮ ದೇಶದಲ್ಲಿ ಇಲ್ಲ. 1950ರ ದಶಕದಲ್ಲಿ ಫ್ರಾನ್ಸಿನ ಲೆ ಕಾರ್ಬೂಸಿಯೆ ಆ ನಗರವನ್ನು ರೂಪಿಸಿದಾಗ ಅವರ ಸೋದರ ಸಂಬಂಧಿ ಪಿಯೆರ್ ಜಾನ್ನರೆ ಅಲ್ಲೇ ನೆಲೆಸಿ, ಕಚೇರಿ ಕಾಲೇಜುಗಳಿಗೆ ಬೇಕಾದ ಪೀಠೋಪಕರಣಗಳ ವಿನ್ಯಾಸವನ್ನೂ ನೋಡಿಕೊಂಡರು. ತೇಗದ ಕಟ್ಟು, ಬೆತ್ತದ ಹೆಣಿಗೆ, ಬಿಚ್ಚಿದ ಕೈವಾರದಂತೆ ಕವಲೊಡೆದ ಕಾಲು. ಸ್ಥಳೀಯ ಬಡಗಿಗಳು ಇವನ್ನು ಸಾವಿರಗಟ್ಟಲೆ ಮಾಡಿಕೊಟ್ಟರು. ಮುಂದೆ ಉಕ್ಕು, ಪ್ಲಾಸ್ಟಿಕ್ ಕುರ್ಚಿಗಳು ಬಂದಾಗ ಮುರಿದವೆಲ್ಲ ಕಚೇರಿಗಳ ತಾರಸಿಯ ಮೇಲೆ ರಾಶಿ ಬಿದ್ದವು. ಸರಕಾರವೇ ಅವನ್ನು ನಿರುಪಯೋಗಿ ಸಾಮಾನೆಂದು ಹರಾಜು ಹಾಕಿತು. ಕೊಂಡವರಲ್ಲಿ ಪ್ಯಾರಿಸ್ಸಿನ ವ್ಯಾಪಾರಿಗಳೂ ಇದ್ದರು. ಅವರು ರಿಪೇರಿ ಮಾಡಿಸಿ, ಪುಸ್ತಕ ಪ್ರಕಟಿಸಿ, ಪ್ರದರ್ಶನ ನಡೆಸಿ ಯುರೋಪು ಅಮೆರಿಕಗಳ ಹರಾಜುಕಟ್ಟೆಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಈ ಪಾರಂಪರಿಕ ವಸ್ತುಗಳ ಮಾರಾಟ ಸಾಗಣೆ ಕೂಡದೆಂದು ಆದೇಶ ಹೊರಡಿಸುವ ಹೊತ್ತಿಗೆ ಬಹಳಷ್ಟು ಹೊರಟುಹೋಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕುರ್ಚಿಗಳ ಬೆನ್ನಿನ ಮೇಲೆ ಯಾವ ಕಚೇರಿಯದು, ಎಷ್ಟನೆಯದು ಎಂದು ಗುಮಾಸ್ತರು ಬಿಳಿ ಬಣ್ಣದಲ್ಲಿ ಅಂಕಿ ಅಕ್ಷರ ಬರೆಸಿದ್ದರು. ನಕಲಿಗಳು ಪೇಟೆಗೆ ಬಂದ ಮೇಲೆ ಅಸಲನ್ನು ಗುರುತಿಸಲು ನೆರವಾದದ್ದು ಅದೇ ಅಂಕಿ. ನಮ್ಮ ಕಡೆಯ ಮನೆಗಳ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿದ ಚೀಟಿ, ಹಿಂಬದಿಯಲ್ಲಿ ಆಚಾರಿ ಕೊರೆದ ಹೆಸರು ಇಸವಿ, ಕಡತದಲ್ಲಿ ಉಳಿದ ರಸೀದಿ, ಅದೇ ಕುರ್ಚಿಯಲ್ಲಿ ಕೂತು ಹಿರಿಯರು ತೆಗೆಸಿಕೊಂಡ ಫೋಟೊ ಇವೆಲ್ಲವೂ ಬೆಲೆಯ ಭಾಗವೇ. ಹಾಗೆಂದು ತಾಲ್ಲೂಕು ಕಚೇರಿಯ ಪ್ರತಿ ಮುರುಕು ಕುರ್ಚಿಯೂ ಪ್ಯಾರಿಸ್ಸಿಗೆ ಹೋಗುತ್ತದೆಂದು ಕನಸು ಕಾಣಬೇಕಾಗಿಲ್ಲ.

ಅಭಿರುಚಿ ಏರುವಂತೆ ಇಳಿಯುತ್ತದೆ ಕೂಡ. ಬ್ರಿಟನ್ನಿನಲ್ಲಿ ವಿಕ್ಟೋರಿಯಾ ಕಾಲದ ಮಹಾಗನಿ ಮೇಜು, ಬೀರುಗಳ ಬೆಲೆ ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಈಚೆಗೆ ಕುಸಿಯಿತು. ಚಿಕ್ಕ ಮನೆಗಳಲ್ಲಿ ಅವಕ್ಕೆ ಜಾಗವಿಲ್ಲ, ಎಳೆಯರಿಗೆ ಆ ಕಂದು ಬಣ್ಣ ಬೇಡ. ನಮ್ಮಲ್ಲೂ ಜಾಗದ ಲೆಕ್ಕ ಮುಖ್ಯ. ನಾಲ್ಕು ಕಂಬದ ದೊಡ್ಡ ಮಂಚ ಫ್ಲ್ಯಾಟಿನ ಲಿಫ್ಟಿನಲ್ಲಿ ಹಿಡಿಯುವುದಿಲ್ಲ, ಈಗಿನ ಹಾಸಿಗೆಯ ಅಳತೆಗೆ ಹೊಂದುವುದಿಲ್ಲ. ಮಾಡಲು ಹತ್ತರಷ್ಟು ಮರ ಹಿಡಿದ ಮಂಚಕ್ಕಿಂತ ಶಾನುಭೋಗರ ಇಳಿಜಾರು ಡೆಸ್ಕು ಬೇಗ ಮಾರಾಟವಾದರೆ ಆಶ್ಚರ್ಯವಿಲ್ಲ. ಆ ಡೆಸ್ಕನ್ನು ಕೊಡುವ ಮುನ್ನ ಒಳಗಿನ ಕಳ್ಳ ಖಾನೆಗಳನ್ನು ತಡಕಿ ನೋಡುವುದು ಒಳ್ಳೆಯದು.

ಬೆಂಗಳೂರಿನ ಅಂಗಡಿಯ ಅರ್ಧ ಲಕ್ಷದ ವಿಷಯಕ್ಕೆ ಬರೋಣ. ಅದು ಹೇಳಿದ ಬೆಲೆ, ಮಾರಿದ ಬೆಲೆಯಲ್ಲ. ಮೊಬೈಲಿನಲ್ಲಿ ಕಾಣುವ ಬೆಲೆಗಳೂ ಬಹುಪಾಲು ಇಂಥವೇ. ಚೌಕಾಶಿಯ ನಂತರ ಉಳಿದದ್ದರಲ್ಲಿ ವ್ಯಾಪಾರಿ ಸಾಗಣೆ, ರಿಪೇರಿ, ಬೆತ್ತದ ಹೆಣಿಗೆ, ಅಂಗಡಿಯ ಬಾಡಿಗೆ, ಗಿರಾಕಿಗಾಗಿ ಕಾದ ತಿಂಗಳುಗಳ ಬಡ್ಡಿ ಇಷ್ಟನ್ನೂ ಹುಟ್ಟಿಸಿಕೊಳ್ಳಬೇಕು. ಮಟ್ಟಾಂಚೇರಿ, ಕಾರೈಕುಡಿ, ಮುಂಬಯಿಯ ಜೋಗೇಶ್ವರಿ ಹೀಗೆ ಹಳೆ ಮರಕ್ಕೆ ಹೆಸರಾದ ಪೇಟೆಗಳ ತನಕ ಸಾಮಾನು ಹೋಗುವುದು ಎರಡು ಮೂರು ಕೈ ದಾಟಿಯೇ. ಅಂಗಡಿಯಲ್ಲಿ ನಿಜವಾಗಿ ಮಾರಾಟವಾಗುವ ಬೆಲೆಯ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಮನೆಬಾಗಿಲಲ್ಲೇ ಸಿಕ್ಕರೆ ವ್ಯವಹಾರ ನ್ಯಾಯವಾಗಿ ನಡೆಯಿತೆನ್ನಬಹುದು. ಕಲ್ಕತ್ತೆಯಲ್ಲಿ 1940ರಲ್ಲಿ ಆರಂಭವಾದ ರಸೆಲ್ ಎಕ್ಸ್‌ಚೇಂಜ್‌ನಂಥ ಹರಾಜು ಮನೆಗಳಲ್ಲಿ ನಾಲ್ಕು ಜನರ ಎದುರು ಕೂಗಿ ಮಾರುವುದರಿಂದ ಬೆಲೆ ಬಹಿರಂಗವಾಗುತ್ತದೆ. ನಮ್ಮ ಊರುಗಳಲ್ಲಿ ಅಂಥ ಕಟ್ಟೆ ಅಪರೂಪವಾದ್ದರಿಂದ ಮನೆಯವರೇ ಅದನ್ನು ಹುಟ್ಟಿಸಿಕೊಳ್ಳಬೇಕು: ಬೇರೆ ಬೇರೆ ದಿನ ಮೂವರನ್ನು ಕರೆಸಿ, ಒಬ್ಬನ ಮಾತು ಇನ್ನೊಬ್ಬನಿಗೆ ಹೇಳದೆ, ಪ್ರತಿಯೊಂದಕ್ಕೂ ಬಿಡಿಬಿಡಿಯಾಗಿ ಬೆಲೆ ಬರೆಸಿಕೊಳ್ಳುವುದು. 'ಎಲ್ಲ ಸೇರಿ ಇಷ್ಟು' ಎಂಬ ಮಾತಿನೊಳಗೆ ಯಾವುದೋ ಒಂದು ಒಳ್ಳೆಯ ವಸ್ತು ಬಿಟ್ಟಿಯಾಗಿ ಹೋಗಿರುತ್ತದೆ.

ಕಾನೂನಿನ ಮುಂದೆ ಬೆಲೆ ಸೊನ್ನೆಯಾಗುವ ಸಂದರ್ಭಗಳೂ ಇವೆ. ಮೈಸೂರಿನ ಬೀಟೆ ಕುಸುರಿ ಕೆಲಸ ಪ್ರಸಿದ್ಧವಾದದ್ದು. ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿರುವಂತೆ ಹಿಂದೆ ಅದರಲ್ಲಿ ಆನೆದಂತ ಕೂರಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದಕ್ಕೆ 1986, 1991ರಲ್ಲಿ ಆದ ತಿದ್ದುಪಡಿಗಳ ಮೇಲೆ ದಂತದ ವ್ಯಾಪಾರ ನಿಷಿದ್ಧ. ಅಂದರೆ ಮನೆಯ ಅತ್ಯಂತ ಬೆಲೆಬಾಳುವ ಪೆಟ್ಟಿಗೆಯೇ ಮಾರಲಾಗದ ಪೆಟ್ಟಿಗೆ. ಕೂರಿಸಿದ್ದು ಮೂಳೆಯಾದರೆ ಅದರಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಾಣುತ್ತವೆ, ದಂತದಲ್ಲಿ ನವಿರಾದ ಗೆರೆಗಳು. ಅನುಮಾನವಿದ್ದರೆ ಬಲ್ಲವರಿಗೆ ತೋರಿಸದೆ ಕೈಬದಲಾಯಿಸಬಾರದು. ನೂರು ವರ್ಷಕ್ಕೂ ಹಳೆಯದಾದ ಕಲಾಕೆಲಸ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಗೆ ಒಳಪಡುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಅಮೆರಿಕದ ಮಗಳಿಗೆ ಮುತ್ತಜ್ಜಿಯ ಪೆಟ್ಟಿಗೆ ಕಳಿಸುವವರೂ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಮೊದಲು ಕೇಳಬೇಕು. ಬೀಟೆಯದಾದರೆ ಇನ್ನೊಂದು ತೊಡಕು: 2017ರ ಜನವರಿಯಿಂದ ಆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿವೆ.

ಮಾರದೆ ಹಂಚಿಕೊಳ್ಳುವಾಗ ಬೆಲೆಯ ಪ್ರಶ್ನೆ ಇನ್ನಷ್ಟು ಚುಚ್ಚುತ್ತದೆ. ಪಾಲಿನ ದಿನ ಜಮೀನಿಗೆ ಸರ್ವೆ ನಂಬರಿದೆ, ಬಂಗಾರಕ್ಕೆ ತೂಕವಿದೆ. ಮೇಜು ಮಂಚಗಳಿಗೆ ಏನೂ ಇಲ್ಲ. ಊರಲ್ಲೇ ಉಳಿದ ಅಣ್ಣ ಮರದ ಬೆಲೆ ಹಿಡಿಯುತ್ತಾನೆ, ಪಟ್ಟಣದ ತಮ್ಮ ಅಂಗಡಿಯ ಬೆಲೆ ಹಿಡಿಯುತ್ತಾನೆ, ಇಬ್ಬರೂ ತಮ್ಮ ಲೆಕ್ಕವೇ ಸರಿಯೆಂದು ಜಗಳವಾಡುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಸಮಪಾಲಿರುವ ಅಕ್ಕತಂಗಿಯರನ್ನು ಮರದ ಸಾಮಾನಿನ ಮಟ್ಟಿಗೆ ಕೇಳುವವರೇ ಕಡಿಮೆ. ಇದಕ್ಕೆ ಹಳ್ಳಿಗಳಲ್ಲಿ ನಡೆಯುವ ಸವಾಲಿನ ಕ್ರಮವೇ ವಾಸಿ. ಪ್ರತಿಯೊಬ್ಬರೂ ತಾವು ಎಷ್ಟು ಕೊಟ್ಟು ಇಟ್ಟುಕೊಳ್ಳುತ್ತೇವೆಂದು ಚೀಟಿಯಲ್ಲಿ ಬರೆದು ಮಡಿಸಿ ಹಿರಿಯರ ಕೈಗೆ ಕೊಡುವುದು, ಹೆಚ್ಚು ಬರೆದವರು ವಸ್ತುವನ್ನು ತೆಗೆದುಕೊಂಡು ಉಳಿದವರಿಗೆ ಪಾಲು ಕೊಡುವುದು. ಮೂವರಿದ್ದು 30,000 ಬರೆದವರಿಗೆ ಮೇಜು ಹೋದರೆ ಉಳಿದಿಬ್ಬರಿಗೆ ಹತ್ತು ಹತ್ತು ಸಾವಿರ. ಕಡಿಮೆ ಬೆಲೆಯೆಂದು ವಾದಿಸುತ್ತಿದ್ದವರೂ ಚೀಟಿ ಬರೆಯುವಾಗ ನಿಜ ಹೇಳುತ್ತಾರೆ. ದುಡ್ಡಿದ್ದವರ ಕೈ ಮೇಲಾಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಹಣ ಕೊಡಲು ವರ್ಷದ ಗಡುವಿಟ್ಟರೆ ಅದು ತಕ್ಕಮಟ್ಟಿಗೆ ತಗ್ಗುತ್ತದೆ.

ಈ ಕ್ರಮಕ್ಕೆ ಒಂದೇ ಷರತ್ತು: ಜೊತೆಯದನ್ನು ಒಡೆಯಬಾರದು. ಮಣಿಪಾಲದಲ್ಲಿ ಪಾರಂಪರಿಕ ಗ್ರಾಮವನ್ನು ಕಟ್ಟಿದ ವಿಜಯನಾಥ ಶೆಣೈ ಅವರು ಕೆಡವಲು ನಿಂತ ಮನೆಗಳನ್ನು ಕಳಚಿ ತಂದು ಮೊದಲಿದ್ದಂತೆಯೇ ನಿಲ್ಲಿಸಿದ್ದರಿಂದ ಅವು ಮನೆಗಳಾಗಿ ಉಳಿದವು. ಅದೇ ಕಂಬ ಬಾಗಿಲುಗಳು ಬೇರೆ ಬೇರೆ ಟೆಂಪೊ ಹತ್ತಿದ್ದರೆ ಬರೀ ಮೋಪು. ಆರು ಕುರ್ಚಿಗಳ ಒಂದು ಜೋಡಣೆಯನ್ನು ಮೂವರು ಎರಡೆರಡು ಹಂಚಿಕೊಂಡರೆ ಮೂರು ಜೊತೆ ಕುರ್ಚಿಗಳ ಬೆಲೆ ಕೂಡಿದರೂ ಆರರದಕ್ಕೆ ಸಮನಾಗುವುದಿಲ್ಲ. ಪಡಸಾಲೆಯ ಉಯ್ಯಾಲೆಯ ಗತಿಯೂ ಇದೇ. ಹಲಗೆ ಹಿರಿಯವನಿಗೆ, ಹಿತ್ತಾಳೆಯ ಸರಪಣಿ ಕಿರಿಯವನಿಗೆ ಎಂದು ಪಾಲಾದ ಉಯ್ಯಾಲೆಗಳು ಎಷ್ಟೋ ಮನೆಗಳಲ್ಲಿ ಸಿಗುತ್ತವೆ. ಹಾಗೆ ಬೇರೆಯಾದ ಮೇಲೆ ಮಾರಲು ಹೊರಟರೆ ವ್ಯಾಪಾರಿ ಹಲಗೆಯನ್ನು ಘನ ಅಡಿಯಲ್ಲಿ ಅಳೆಯುತ್ತಾನೆ, ಸರಪಣಿಯನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾನೆ.